ಅಂದೇನಾ, ಆಮೇಲಾ

ವಾರ್ಬೆರ್ಗ್, ೯ ಫೆಬ್ರವರಿ ೨೦೦೪

ಪ್ರೀತಿಯ ಲಿಸ್ಬೆತ್ ಅಕ್ಕ,

ಮೊನ್ನೆ ಫೋನಿನಲ್ಲಿ ಹೇಳಬೇಕೆಂದೇ ಮಾಡಿದ್ದೆ. ನಿನ್ನ ಕಿವಿ ಕೈಕೊಟ್ಟ ಮೇಲೆ ಪ್ರೆಬೆನ್ ಭಾವನೇ ಫೋನು ಹಿಡಿದು, ನಾನು ಅಂದದ್ದನ್ನೆಲ್ಲ ನಿನಗೆ ಕೂಗಿ ಹೇಳುತ್ತಾರಲ್ಲ, ಈ ವಿಷಯವನ್ನು ಅವರ ಬಾಯಲ್ಲಿ ಕೂಗಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಮಂಜು, ಗಾಳಿ ಅಂತ ಏನೋ ಮಾತಾಡಿ ಇಟ್ಟುಬಿಟ್ಟೆ. ನನ್ನ ಎಡ ಮೊಲೆಯಲ್ಲಿ ಗಂಟಿದೆ. ಕ್ಯಾನ್ಸರ್. ನೋಡು, ಬರೆದೇಬಿಟ್ಟೆ. ಬಾಯಲ್ಲಿ ಹೇಳುವುದಕ್ಕಿಂತ ಸುಲಭ.

ಮೊಲೆಯನ್ನು ಪೂರ್ತಿ ತೆಗೆಯುತ್ತಾರೆ, ಅದರಲ್ಲಿ ಅನುಮಾನವಿಲ್ಲ. ನನಗೆ ತಲೆ ಕೆಟ್ಟಿರುವುದು ಅದರ ಜಾಗದಲ್ಲಿ ಹೊಸದನ್ನು ಕಟ್ಟುವ ವಿಷಯಕ್ಕೆ. ಡಾಕ್ಟರ್ ಎಕ್‌ಮಾನ್ ಎಂಬಾಕೆ, ನನಗಿಂತ ಚಿಕ್ಕವಳು, ಒಳ್ಳೆಯವಳು. ಕಾಗದದ ಮೇಲೆ ಎರಡು ವೃತ್ತ ಬರೆದು ತೋರಿಸಿದಳು.

"ತೆಗೆಯೋ ದಿನಾನೇ ಹೊಸದನ್ನ ಕಟ್ಟೋಕೆ ಶುರು ಮಾಡ್ಬಹುದು. ಇಲ್ಲಾಂದ್ರೆ ಎಲ್ಲಾ ಚಿಕಿತ್ಸೆ ಮುಗೀಲಿ, ಆಮೇಲೆ ಕಟ್ಟೋಣ. ರೇಡಿಯೇಷನ್ ಕಿರಣ ಕೊಡ್ಬೇಕಾಗಿ ಬಂದ್ರೆ, ಮೊದ್ಲೇ ಕಟ್ಟಿದ್ದು ಕೆಡಬಹುದು."

"ಕಿರಣ ಬೇಕಾಗುತ್ತಾ?" ಅಂದೆ.

"ಅದು ತೆಗೆದಾದ್ಮೇಲೆ ಪರೀಕ್ಷೆ ಮಾಡಿದ್ರೇನೇ ಖಚಿತವಾಗಿ ಗೊತ್ತಾಗೋದು."

"ಮತ್ತೆ ಈಗ್ಲೇ ಹೇಗೆ ಆರಿಸ್ಲಿ?"

"ಅದೇ ಕಷ್ಟ ನೋಡಿ," ಅಂದಳು, ಕಷ್ಟ ಅವಳದೇ ಎಂಬಂತೆ.

ಅಂದರೆ ಪರೀಕ್ಷೆ ಬರೆದು ಮುಗಿಸಿದ ಮೇಲೆ ಪ್ರಶ್ನೆಪತ್ರಿಕೆ ಕೊಡುತ್ತಾರಂತೆ. ಇನ್ನೊಂದು ಮೂರನೇ ದಾರಿಯೂ ಇದೆ, ಅಂದೇ ಖಾಲಿ ಚೀಲವೊಂದನ್ನು ಒಳಗಿಟ್ಟು ಕಾದು ನೋಡುವುದು. ಅದಕ್ಕೆ 'ತಡಮಾಡಿದ ತಕ್ಷಣ' ಎಂಬಂಥ ಏನೋ ಹೆಸರು. ತಡ ಎಂದರೆ ತಡ, ತಕ್ಷಣ ಎಂದರೆ ತಕ್ಷಣ, ಎರಡೂ ಒಟ್ಟಿಗೆ ಹೇಗೆ ಎಂದು ಕೇಳುವ ಹೊತ್ತಿಗೆ ನನ್ನ ಸಮಯ ಮುಗಿದಿತ್ತು.

ಸ್ಟೂರೆಯನ್ನು ಕೇಳಿದೆ. ಹತ್ತು ವರ್ಷದಿಂದ ನನ್ನ ಜೊತೆಗಿದ್ದಾನೆ, ಅವನ ಮನೆ ಅವನಿಗೆ ನನ್ನ ಮನೆ ನನಗೆ. ಅವನು, "ನಿಂಗೆ ಹೆಂಗ್ ಬೇಕೋ ಹಂಗ್ ಮಾಡ್ಕೊ ಮಾರಾಯ್ತಿ. ನಾನು ನಿನ್ನ ಮುಖ ನೋಡಿ ಬಂದವ್ನು," ಅಂದ. ಒಳ್ಳೆಯ ಮಾತೇ, ಆದರೆ ನನಗೆ ಉತ್ತರ ಸಿಗಲಿಲ್ಲ. ಬುಧವಾರ ಸಮುದ್ರದ ಸ್ನಾನಗೃಹಕ್ಕೆ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಐದು ಜನ ಹೆಂಗಸರು, ಮೈಮೇಲೆ ಒಂದು ನೂಲಿಲ್ಲದೆ ಬಿಸಿ ಕೋಣೆಯಲ್ಲಿ ಕೂತು, ಊರಿನವರನ್ನೆಲ್ಲ ಆಡಿಕೊಂಡು, ತಣ್ಣನೆಯ ಸಮುದ್ರಕ್ಕೆ ಇಳಿಯುವವರು. ಇನ್ನು ಅವರ ನಡುವೆ ಹೇಗೆ ಕೂರಲಿ?

ಮುಂದಿನ ವಾರ ಉತ್ತರ ಹೇಳಬೇಕು. ಕೂದಲು ಕತ್ತರಿಸಿಕೊಳ್ಳುವುದರಿಂದ ಹಿಡಿದು ಗಂಡನನ್ನು ಬಿಡುವವರೆಗೆ ನಿನ್ನನ್ನು ಕೇಳಿಯೇ ಮಾಡಿದ್ದೇನೆ. ಅಂದೇನಾ, ಆಮೇಲಾ? ಒಂದು ಮಾತು ಬರೆ. ಅರ್ಥವಾಗುವ ಸ್ವೀಡಿಷಿನಲ್ಲಿ ಬರೆ. ಮೂವತ್ತು ವರ್ಷ ಡೆನ್ಮಾರ್ಕಿನ ಉಪ್ಪಿನಲ್ಲಿ ನೆನೆದು ನಿನ್ನ ಭಾಷೆ ಯಾವ ಮೀನೆಂದು ಗೊತ್ತಾಗುತ್ತಿಲ್ಲ.

ನಿನ್ನ
ಗುನ್ನೆಲ್


ಗ್ರೆನೊ, ೧೨ ಫೆಬ್ರವರಿ ೨೦೦೪

ಗುನ್ನೆಲ್ ಪುಟ್ಟಿ,

ಅಳಬೇಡ ಎಂದು ಬರೆಯುವುದಿಲ್ಲ, ಏಕೆಂದರೆ ನಾನೇ ಅತ್ತೆ. ಪ್ರೆಬೆನ್ ಗಾಬರಿಯಾಗಿ, "ಯಾರು ಸತ್ರು, ಯಾರು ಸತ್ರು?" ಎಂದು ಕಿವಿಯ ಹತ್ತಿರ ಕೂಗಿದರು. ಯಾರೂ ಸತ್ತಿಲ್ಲ, ಯಾರೂ ಸಾಯುವುದಿಲ್ಲ ಎಂದು ನಾನೂ ಕೂಗಿದೆ.

ಈಗ ನಿನ್ನ ಪ್ರಶ್ನೆ. ನಮ್ಮ ಪಕ್ಕದ ಮನೆಯ ಬೋದಿಲ್ ನಿನಗೆ ನೆನಪಿರಬೇಕು, ನಾಯಿ ಸಾಕಿದವಳು. ಅವಳಿಗೂ ನಾಲ್ಕು ವರ್ಷದ ಹಿಂದೆ ಇದೇ ಆಯಿತು. ಸ್ಟ್ರಾಕ್ಸ್ ಕಟ್ಟಿಸಿಕೊಂಡಳು. ಮುಂದಿನ ಬೇಸಿಗೆಗೆ ತನ್ನ ಹಳೆಯ ಹಸಿರು ಈಜುಡುಗೆ ಹಾಕಿಕೊಂಡು ಕಡಲತೀರದಲ್ಲಿ ಓಡಾಡಿದಳು, ಊರೇ ನೋಡಿತು. ಅವಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ನಿನಗೆ ಬೇಡದ ಯೋಚನೆ ಹತ್ತಬಾರದು.

ಆದ್ದರಿಂದ ಅಂದೇನಾ, ಆಮೇಲಾ ಎಂದರೆ ನನ್ನ ಮಾತು ಒಂದೇ. ಕಟ್ಟಿಸುವುದಾದರೆ ಸ್ಟ್ರಾಕ್ಸ್ ಕಟ್ಟಿಸು. ಕೆಳಗೆ ಎರಡು ಗೆರೆ ಎಳೆದಿದ್ದೇನೆ ನೋಡು. ಬೇರೆ ಯಾರ ಮಾತಿಗೂ ತಲೆ ಆಡಿಸಬೇಡ. ಗಟ್ಟಿಯಾಗಿ ಹೇಳು, ನೀನು ಗಟ್ಟಿಯಾಗಿ ಹೇಳುವುದೇ ಇಲ್ಲ.

ಚಳಿಗೆ ಕಾಲುಚೀಲ ಕಳಿಸಿದ್ದೇನೆ. ಆಸ್ಪತ್ರೆಯಲ್ಲಿ ಕಾಲು ಬೆಚ್ಚಗಿರಬೇಕು.

ನಿನ್ನ ಅಕ್ಕ
ಲಿಸ್ಬೆತ್


ವಾರ್ಬೆರ್ಗ್, ೧೮ ಫೆಬ್ರವರಿ ೨೦೦೪

ಪ್ರೀತಿಯ ಅಕ್ಕ,

ನಿನ್ನ 'ಸ್ಟ್ರಾಕ್ಸ್' ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ನಾನೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದೆ, ನಿನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ. ಮೊದಲು ರೋಗ, ಆಮೇಲೆ ಉಳಿದದ್ದು. ಇಷ್ಟು ಸರಳವಾದದ್ದಕ್ಕೆ ನಾನು ಒಂದು ವಾರ ಊಟ ಬಿಟ್ಟಿದ್ದೆ.

ಇವತ್ತು ಎಕ್‌ಮಾನ್ ಹತ್ತಿರ ಗಟ್ಟಿಯಾಗಿಯೇ ಹೇಳಿದೆ. "ನಮ್ಮಕ್ಕಾನೂ ಅದನ್ನೇ ಅಂದ್ಲು," ಅಂದೆ. "ನಿಮ್ಮಕ್ಕ ಜಾಣೆ ಕಣ್ರೀ," ಅಂದಳು ಅವಳು. ಶಸ್ತ್ರಚಿಕಿತ್ಸೆ ಮುಂದಿನ ಗುರುವಾರ. ನಾನು ಓಡಿಸುವ ಗ್ರಂಥಾಲಯದ ಬಸ್ಸಿನ ಬೀಗದ ಕೈ ಕಚೇರಿಯಲ್ಲಿ ಕೊಟ್ಟು ಬಂದೆ. ಹಳ್ಳಿಗಳಿಗೆ ಪುಸ್ತಕ ಒಯ್ಯಲು ಹುಡುಗನೊಬ್ಬನನ್ನು ಹಾಕಿದ್ದಾರೆ, ಅವನು ಗೇರು ಬದಲಿಸುವುದನ್ನು ನೋಡಿದರೆ ನನಗೆ ಹಲ್ಲು ನೋಯುತ್ತದೆ.

ಕಾಲುಚೀಲ ಬಂತು. ಒಂದು ದೊಡ್ಡದು, ಒಂದು ಚಿಕ್ಕದು. ನೀನು ಅಳುತ್ತಾ ಹೆಣೆದಿದ್ದೀಯ.

ಗುನ್ನೆಲ್


ಗ್ರೆನೊ, ೨೩ ಫೆಬ್ರವರಿ ೨೦೦೪

ಗುನ್ನೆಲ್ ಪುಟ್ಟಿ,

ಶಹಭಾಸ್! 'ಮೊದಲು ರೋಗ, ಆಮೇಲೆ ಉಳಿದದ್ದು' ಎಂದು ಯಾಕೆ ಬರೆದೆ? ಒಂದೇ ಮೇಜಿನ ಮೇಲೆ ಎರಡೂ ಮುಗಿಯುವಾಗ ಮೊದಲೇನು, ಆಮೇಲೇನು? ಎರಡಿಟ್ಟುಕೊಂಡು ಮಲಗುತ್ತೀಯ, ಎರಡಿಟ್ಟುಕೊಂಡು ಏಳುತ್ತೀಯ. ಕನ್ನಡಿಗೂ ಗೊತ್ತಾಗುವುದಿಲ್ಲ.

ಪ್ರೆಬೆನ್ ಹೇಳುತ್ತಾರೆ, "ಹಳೇದಕ್ಕಿಂತ ಹೊಸದೇ ಚೆನ್ನಾಗಿದ್ರೆ ಇನ್ನೊಂದನ್ನೂ ಬದಲಾಯಿಸ್ಕೊಳ್ಳೋಕೆ ಹೇಳು." ಅವರಿಗೆ ಬುದ್ಧಿ ಬರುವುದು ಯಾವಾಗಲೋ.

ದೇವರು ನಿನ್ನ ಜೊತೆ ಇರಲಿ. ನಾನು ಹಡಗು ಹತ್ತಿ ಬರಲೇ ಎಂದರೆ ಬೇಡವೆನ್ನುತ್ತೀಯ, ಗೊತ್ತು. ಎದ್ದ ಕೂಡಲೇ ಬರೆ.

ಲಿಸ್ಬೆತ್


ವಾರ್ಬೆರ್ಗ್, ೧೫ ಮಾರ್ಚ್ ೨೦೦೪

ಲಿಸ್ಬೆತ್,

ನಿನ್ನ ಕಾಗದ ನಾನು ಆಸ್ಪತ್ರೆಗೆ ಹೋದ ಮೇಲೆ ಬಂದಿತ್ತು. ಸ್ಟೂರೆ ತಂದುಕೊಟ್ಟ. ಪಟ್ಟಿ ಬಿಚ್ಚಿ ಮೊದಲ ಸಲ ಕನ್ನಡಿ ನೋಡಿಕೊಂಡ ದಿನವೇ ಓದಿದೆ. ಇಂಥ ಹೊತ್ತಿನಲ್ಲೂ ನಿನಗೆ 'ಕನ್ನಡಿಗೂ ಗೊತ್ತಾಗುವುದಿಲ್ಲ' ಎಂಬ ತಮಾಷೆ ಬೇಕಿತ್ತೇ? ಎರಡು ದಿನ ಬರೆಯಲು ಕೂತು ಎದ್ದೆ.

ಪರೀಕ್ಷೆಯ ಫಲಿತಾಂಶ ಬಂದಿದೆ. ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು. ಅವನ್ನೂ ತೆಗೆದಿದ್ದಾರೆ. ಗಾಯ ಮಾಗಿದ ಮೇಲೆ, ಏಪ್ರಿಲ್ ಕೊನೆಯಿಂದ ಕಿರಣ. ಆಮೇಲೆ ಐದು ವರ್ಷ ಮಾತ್ರೆ.

ಇಷ್ಟೇ ಸಮಾಚಾರ.

ಗುನ್ನೆಲ್


ಗ್ರೆನೊ, ೧೮ ಮಾರ್ಚ್ ೨೦೦೪

ಗುನ್ನೆಲ್, ನನ್ನ ಬಂಗಾರ,

ತೆಗೆಸಿಬಿಡು! ಕಿರಣ ಶುರುವಾಗುವ ಮೊದಲೇ ತೆಗೆಸಿಬಿಡು. ನಾಳೆಯೇ ಡಾಕ್ಟರಿಗೆ ಹೇಳು, ಅವರು ಒಪ್ಪದಿದ್ದರೆ ಬೇರೆ ಡಾಕ್ಟರನ್ನು ನೋಡು. ಅದು ಒಳಗಿರುವಾಗ ಕಿರಣ ಬೀಳಬಾರದು.

ನಾನು ನಿನಗೆ ಅರ್ಧ ಕತೆ ಹೇಳಿದೆ. ಬೋದಿಲ್‌ಗೂ ಹೀಗೇ ಆಗಿತ್ತು. ಮೊದಲ ಬೇಸಿಗೆ ಚೆನ್ನಾಗಿತ್ತು. ಆಮೇಲೆ ಎಲ್ಲವೂ ಬಿಗಿದುಕೊಂಡು ಕಲ್ಲಾಯಿತು. ತೋಳು ಎತ್ತಲಾರಳು, ಒಂದು ಮಗ್ಗುಲಿಗೆ ಮಲಗಲಾರಳು. ನಿನ್ನೆ ಅವಳ ಮನೆಗೆ ಹೋಗಿ, "ಈಗ ಏನ್ಮಾಡೋದೇ?" ಎಂದು ಕೇಳಿದೆ. ಅವಳು ನನ್ನ ಕೈ ತೆಗೆದು ಅದರ ಮೇಲಿಟ್ಟಳು. ಗುನ್ನೆಲ್, ಅದು ಮೈ ಅಲ್ಲ, ಮೇಜು.

ಗಂಟು ಕಂಕುಳಿಗೆ ಹೋಗಿದೆ ಎಂಬ ಅನುಮಾನ ಇದ್ದಿದ್ದರೆ ನೀನಾದರೂ ಒಂದು ಮಾತು ಬರೆಯಬಾರದಿತ್ತೇ? ಎಲ್ಲ ನನ್ನಿಂದಲೇ. ತೆಗೆಸಿಬಿಡು.

ಲಿಸ್ಬೆತ್


ವಾರ್ಬೆರ್ಗ್, ೨೨ ಮಾರ್ಚ್ ೨೦೦೪

ಅಕ್ಕ,

ಏನನ್ನು ತೆಗೆಸಲಿ?

ನಿನ್ನ ಕಾಗದ ನಾಲ್ಕು ಸಲ ಓದಿದೆ. ನನ್ನೊಳಗೆ ಏನಿದೆ? ನಿನಗೆ ಗೊತ್ತಿರುವುದು ನನಗೆ ಯಾಕೆ ಗೊತ್ತಿಲ್ಲ? ಆಸ್ಪತ್ರೆಯವರು ನಿನಗೇನಾದರೂ ಬರೆದಿದ್ದಾರೆಯೇ? ಹತ್ತಿರದ ಬಂಧು ಎಂದು ನಿನ್ನ ಹೆಸರನ್ನೇ ಕೊಟ್ಟಿದ್ದೇನೆ. ರೋಗಿಗೆ ಹೇಳಲಾಗದ್ದನ್ನು ಬಂಧುಗಳಿಗೆ ಹೇಳುವುದುಂಟು ಎಂದು ಕೇಳಿದ್ದೇನೆ. ಇನ್ನೊಂದು ಗಂಟು ಉಳಿದಿದೆಯೇ? 'ಅದು ಒಳಗಿರುವಾಗ' ಎಂದು ಬರೆದಿದ್ದೀಯ. ಬೋದಿಲ್ ಕಲ್ಲಾದಳು, ಕೈ ಇಟ್ಟಳು, ಮೇಜು. ಯಾವುದೂ ಅರ್ಥವಾಗಲಿಲ್ಲ. ನನಗೆ ಅರ್ಥವಾದದ್ದು ನೀನು ಹೆದರಿದ್ದೀಯ ಎಂಬುದೊಂದೇ. ನೀನು ಹೆದರಿದ್ದನ್ನು ನಾನು ಯಾವತ್ತೂ ನೋಡಿಲ್ಲ, ಅದಕ್ಕೇ ನನಗೆ ಜೀವ ಹೋದಂತಾಗಿದೆ.

ಆಸ್ಪತ್ರೆಗೆ ಫೋನ್ ಮಾಡಿ ನರ್ಸಮ್ಮನನ್ನು ಕೇಳಿದೆ.

"ನನ್ನೊಳಗೆ ಏನಾದ್ರೂ ಬಿಟ್ಟಿದೀರಾ? ಕತ್ತರಿ, ಬಟ್ಟೆ, ಅಂಥದ್ದು?"

ಆಕೆ, "ಯಾರು ಹೇಳಿದ್ರು ನಿಮ್ಗೆ?" ಅಂದಳು. ಇಲ್ಲ ಎನ್ನಲಿಲ್ಲ, ಯಾರು ಹೇಳಿದರು ಅಂದಳು! ಆಮೇಲೆ ಲೆಕ್ಕವೆಲ್ಲ ಸರಿಯಿದೆ, ಹಾಗೇನೂ ಇಲ್ಲ ಅಂದಳು. ನಾನು ನಂಬಲಿಲ್ಲ. ಎಡಗಡೆ ಎಲ್ಲಾದರೂ ಚುಚ್ಚಿದರೆ ಇದೇ ಅದು ಅನ್ನಿಸುತ್ತದೆ. ಚಪ್ಪಟೆಯಾದ ಜಾಗವನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿಕೊಳ್ಳುತ್ತೇನೆ.

ಹೌದು, ಕಂಕುಳಿನದು ಗೊತ್ತಿತ್ತು. ಮೊದಲ ದಿನವೇ ಎಕ್‌ಮಾನ್ ಅಲ್ಲಿ ಬೆರಳಿಟ್ಟು, "ಇದು ನಂಗೆ ಇಷ್ಟ ಆಗ್ತಿಲ್ಲ. ಕಿರಣ ಬೇಕಾಗೋದೇ ಹೆಚ್ಚು," ಅಂದಿದ್ದಳು. ನಿನಗೆ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಎಂದು ಬರೆಯಲಿಲ್ಲ. ಈಗ ನೀನು ಬಚ್ಚಿಡಬೇಡ. ಏನಿದ್ದರೂ ಬಿಡಿಸಿ ಬರೆ, ಸ್ಟೂರೆ ಪಕ್ಕದಲ್ಲಿ ಕೂತಿದ್ದಾನೆ, ತಡೆದುಕೊಳ್ಳುತ್ತೇನೆ.

ಗುನ್ನೆಲ್


ಗ್ರೆನೊ, ೨೫ ಮಾರ್ಚ್ ೨೦೦೪

ಗುನ್ನೆಲ್,

ನಿನ್ನೊಳಗೆ ಏನೂ ಇಲ್ಲ. ಇದನ್ನು ಮೊದಲು ಬರೆದು ಆಮೇಲೆ ಕೂತೆ. ಏನೂ ಇಲ್ಲ, ಮಗಳೇ, ಏನೂ ಇಲ್ಲ.

ಚಪ್ಪಟೆ ಎಂದು ಬರೆದಿದ್ದೀಯಲ್ಲ, ಆ ಪದ ನೋಡಿ ನನ್ನ ತಲೆ ತಿರುಗಿತು. ಕಾಗದಕ್ಕೆ ಕಾಯಲಾಗದೆ ಸ್ಟೂರೆಗೆ ಫೋನ್ ಮಾಡಿ ಎಂದು ಪ್ರೆಬೆನ್‌ರನ್ನು ಎಬ್ಬಿಸಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಇವರಿಗೆ ಅವನ ಸ್ವೀಡಿಷ್ ತಿಳಿಯದು, ಅವನಿಗೆ ಇವರ ಡೇನಿಷ್ ತಿಳಿಯದು. ಇಬ್ಬರಿಗೂ ಆ ಪದ ಬಾಯಲ್ಲಿ ಬರಲೊಲ್ಲದು.

"ಒಳಗೆ ಹಾಕಿದ್ರಲ್ಲ, ಅದನ್ನ ತೆಗೆಸಿದ್ರಾ?" ಅಂತ ಇವರು.

"ಎಂಜಿನ್ನಾ? ಅದನ್ನ ಚಳಿಗಾಲಕ್ಕೆ ಮುಂಚೇನೇ ತೆಗೆದಿಟ್ಟಿದೀನಿ," ಅಂತ ಅವನು.

"ಇಷ್ಟು ಬೇಗಾನಾ? ನೋವಾಗ್ಲಿಲ್ವಾ?"

"ಸೊಂಟ ಸ್ವಲ್ಪ ಹಿಡ್ಕೊಂಡಿತ್ತು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇಬ್ಬರೂ. ಇವರು ಅವನು ಅಂದದ್ದನ್ನೆಲ್ಲ ನನ್ನ ಕಿವಿಗೆ ಕೂಗುತ್ತಿದ್ದರು. ಅದು ಸ್ಟೂರೆಯ ದೋಣಿಯ ಎಂಜಿನ್ನು ಎಂದು ತಿಳಿಯುವಷ್ಟರಲ್ಲಿ ನನಗೆ ಪ್ರಾಣ ಬಾಯಿಗೆ ಬಂದಿತ್ತು. ಕೊನೆಗೆ ಸ್ಟೂರೆ, "ಅಯ್ಯೋ, ಗುನ್ನೆಲ್‌ದಾ? ಅಲ್ಲಿ ಏನೂ ಹಾಕೇ ಇಲ್ವಲ್ಲ! ನಿಮ್ಮ ಹೆಂಡ್ತಿನೇ ತಾನೆ ಆಮೇಲೆ ಕಟ್ಟಿಸ್ಕೊ ಅಂದಿದ್ದು?" ಅಂದನಂತೆ.

ನಾನು ಹಾಗೆಂದೆನೇ? ಸ್ಟ್ರಾಕ್ಸ್ ಅಂದೆ. ಎರಡು ಗೆರೆ ಎಳೆದೆ. ಇಲ್ಲಿ ಡೇನಿಷಿನಲ್ಲಿ ಸ್ಟ್ರಾಕ್ಸ್ ಎಂದರೆ ಕೂಡಲೇ, ಆ ಗಳಿಗೆಯಲ್ಲೇ. ಹೀಗಂದುಕೊಳ್ಳುವಾಗಲೇ ಅಮ್ಮನ ಧ್ವನಿ ಕೇಳಿಸಿತು. ಊಟಕ್ಕೆ ಕೂಗಿದರೆ ನಾವು 'ಸ್ಟ್ರಾಕ್ಸ್' ಎಂದು ಆಟ ಮುಂದುವರಿಸುತ್ತಿದ್ದೆವಲ್ಲ. ನಮ್ಮ ಊರಿನಲ್ಲಿ ಅದು 'ಸ್ವಲ್ಪ ತಾಳು, ಬಂದೆ' ಎಂಬ ಪದ. ಅಂಗಡಿಯವನು ಹಾಗಂದರೆ ಕುರ್ಚಿ ಹುಡುಕಿಕೊಂಡು ಕೂರಬೇಕು. ಇಲ್ಲಿ ಹಾಗಂದವನು ಆಗಲೇ ಎದ್ದು ಓಡುತ್ತಿರುತ್ತಾನೆ. ಬರೆಯುವುದು ಒಂದು ಅಕ್ಷರ ಆಚೀಚೆ, ಉಚ್ಚಾರ ಒಂದೇ. ಮೂವತ್ತು ವರ್ಷದಲ್ಲಿ ನನ್ನೊಳಗಿನ ಪದ ಯಾವಾಗ ಮಗ್ಗುಲು ಬದಲಿಸಿತೋ ನನಗೇ ಗೊತ್ತಾಗಲಿಲ್ಲ.

ನಿನ್ನನ್ನು ಅಷ್ಟು ಹೆದರಿಸಿದೆನಲ್ಲ ಎಂದು ಅಳು ಬರುತ್ತದೆ, ನಿನ್ನೊಳಗೆ ಆ ಕಲ್ಲು ಇಲ್ಲವಲ್ಲ ಎಂದು ನಗು ಬರುತ್ತದೆ. ಒಳ್ಳೆಯದೇ ಆಯಿತು, ಅಲ್ಲವೇ? ನಾವಿಬ್ಬರೂ ಪೆದ್ದಿಯರಾಗಿದ್ದರಿಂದ ಬಚಾವಾದೆವು.

ಲಿಸ್ಬೆತ್


ವಾರ್ಬೆರ್ಗ್, ೧೧ ಏಪ್ರಿಲ್ ೨೦೦೪

ಲಿಸ್ಬೆತ್ ಅಕ್ಕ,

ನಾನೂ ನಕ್ಕೆ. ಸ್ಟೂರೆ ಎಂಜಿನ್ನಿನ ಕತೆಯನ್ನು ಬಂದರಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಆಮೇಲೆ ನಗು ನಿಂತುಹೋಯಿತು. ಈ ಕಾಗದ ತಡವಾದದ್ದಕ್ಕೆ ಅದೇ ಕಾರಣ.

ನೀನು ಬರೆದದ್ದು ನನಗೆ ಸರಿಯಾಗಿ ಅರ್ಥವಾಗಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ. ಡಾಕ್ಟರ್ ಕಂಕುಳಿಗೆ ಕೈಯಿಟ್ಟು ಹೇಳಿದ್ದು ಕಿವಿಯಲ್ಲಿರುವಾಗಲೂ, ಅಂದೇ ಕಟ್ಟಿ ಎನ್ನುತ್ತಿದ್ದೆ. ನೀನು ಹೇಳಿದೆ ಎಂದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ ಎಂದು ನನಗೆ ತಿಳಿದಿದ್ದರೂ ಹೊಲಿಸುತ್ತಿದ್ದೆ. ಕಿರಣ ಬಿದ್ದ ಮೇಲೆ ಬೋದಿಲ್ ತರಹ ಆಗುತ್ತಿದ್ದೆ, ಅಥವಾ ಆಗದೆಯೂ ಇರುತ್ತಿದ್ದೆ. ಎಕ್‌ಮಾನ್‌ಳನ್ನು ಕೇಳಿದೆ, "ನಾನು ಮಾಡಿದ್ದು ಸರೀನಾ?" ಎಂದು. "ಕೆಲವರಿಗೆ ಅಂದೇ ಕಟ್ಟಿದ್ದು ಕಿರಣ ಬಿದ್ರೂ ಚೆನ್ನಾಗೇ ಇರುತ್ತೆ, ಕೆಲವರಿಗೆ ಇರಲ್ಲ. ನಿಮ್ದು ಯಾವುದಾಗ್ತಿತ್ತೋ ಯಾರಿಗೆ ಗೊತ್ತು," ಅಂದಳು. ಅಂದರೆ ಬಚಾವಾದೆವು ಎಂದು ನೀನು ಬರೆದದ್ದೂ ಖಚಿತವಿಲ್ಲ.

ನಾನು ಸರಿಯಾದದ್ದನ್ನು ಮಾಡಿದ್ದರೆ ನಿನ್ನ ಮಾತನ್ನು ತಪ್ಪಾಗಿ ಓದಿದ್ದರಿಂದ ಮಾಡಿದೆ. ತಪ್ಪು ಮಾಡಿದ್ದರೆ ಅದೂ ನಿನ್ನ ಮಾತಿನಿಂದ. ಇದರಲ್ಲಿ ನಾನೆಲ್ಲಿದ್ದೇನೆ, ಅಕ್ಕ? ಮೊಲೆ ನನ್ನದು, ಗಾಯ ನನ್ನದು. ನಿರ್ಧಾರ ಎರಡು ದೇಶದ ನಡುವೆ ಎಲ್ಲೋ ಸಮುದ್ರಕ್ಕೆ ಬಿದ್ದಿದೆ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ, ಯಾಕೆಂದು ಸರಿಯಾಗಿ ಹೇಳಲಾರೆ. ನೀನು ಏನೂ ತಪ್ಪು ಮಾಡಿಲ್ಲ. ಐವತ್ತಮೂರು ವರ್ಷ ನಿನ್ನನ್ನು ಕೇಳಿದವಳು ನಾನೇ.

ಸ್ವಲ್ಪ ದಿನ ಬರೆಯುವುದಿಲ್ಲ.

ಗುನ್ನೆಲ್


ಗ್ರೆನೊ, ೨ ಜೂನ್ ೨೦೦೪

ಗುನ್ನೆಲ್,

ನೀನು ಬರೆಯುವುದಿಲ್ಲ ಎಂದೆ, ನಾನು ಬರೆಯಬಾರದು ಎನ್ನಲಿಲ್ಲ.

ಕಿರಣ ಎಲ್ಲಿಗೆ ಬಂತು? ಚರ್ಮ ಸುಡುತ್ತದೆಯೇ? ಎಂಥ ಮುಲಾಮು ಹಚ್ಚುತ್ತಾರೆ? ಇವು ಪ್ರಶ್ನೆಗಳು ಮಾತ್ರ, ಸಲಹೆಗಳಲ್ಲ.

ಬೋದಿಲ್ ಮಗಳು ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು, ಕಿರಣ ಬಿದ್ದ ಜಾಗದಲ್ಲಿ ಕಟ್ಟುವಾಗ ಹೊಟ್ಟೆಯ ಕೊಬ್ಬು ತೆಗೆದು ಹಾಕುತ್ತಾರಂತೆ, ಅದು ಮೆತ್ತಗಿರುತ್ತದಂತೆ. ನಿನಗೆ ಹೊಟ್ಟೆಯೇ ಇಲ್ಲ, ಹುಟ್ಟಿದಾಗಿನಿಂದ ಕಡ್ಡಿ. ನನ್ನಲ್ಲಿ ಇಬ್ಬರಿಗಾಗುವಷ್ಟಿದೆ. ನನ್ನದನ್ನು ತೆಗೆದುಕೊಳ್ಳಬಹುದೇ ಎಂದು ಇಲ್ಲಿಯ ಡಾಕ್ಟರನ್ನು ಕೇಳಿದೆ. "ನಿಮ್ಮ ಕೊಬ್ಬನ್ನ ಅವರ ಮೈ ಒಪ್ಪಲ್ಲ ಕಣ್ರೀ, ಅಕ್ಕತಂಗಿ ಆದ್ರೇನು," ಅಂದರು. ಇಷ್ಟು ವರ್ಷದಿಂದ ನಾನು ಹೇಳಿದ್ದನ್ನೆಲ್ಲ ಒಪ್ಪಿದವಳ ಮೈ ಇದೊಂದನ್ನು ಒಪ್ಪುವುದಿಲ್ಲವಂತೆ.

ಕೇಳಬಾರದಿತ್ತೇನೋ. ಈ ಕಾಗದ ಹರಿದು ಹಾಕಲೇ ಎಂದು ಪ್ರೆಬೆನ್‌ರನ್ನು ಕೇಳಿದೆ. "ನಿಂಗೇ ತೋಚಿದ್ದು ಮಾಡು," ಎಂದರು. ಯಾರಾದರೂ ಹಾಗಂದರೆ ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಲಿಸ್ಬೆತ್


ವಾರ್ಬೆರ್ಗ್, ೨೦ ಜೂನ್ ೨೦೦೪

ಅಕ್ಕ,

ಕಿರಣ ಮುಗಿಯಿತು. ಚರ್ಮ ಬೇಯಿಸಿದ ಸೀಗಡಿಯ ಬಣ್ಣಕ್ಕೆ ಬಂದು ಈಗ ಸಿಪ್ಪೆ ಏಳುತ್ತಿದೆ. ಯಂತ್ರದ ಕೆಳಗೆ ತೋಳೆತ್ತಿ ಮಲಗುವುದು, ಎಲ್ಲರೂ ಹೊರಗೋಡುವುದು, ಯಂತ್ರ ಗುಂಯ್ ಎನ್ನುವುದು, ಎಲ್ಲರೂ ಒಳಬರುವುದು. ಒಂದು ದಿನ ಅಳು ಬಂತು, ಅಲುಗಬಾರದೆಂದು ಕಣ್ಣೀರು ಕಿವಿಗಿಳಿಯುವವರೆಗೆ ಹಾಗೇ ಮಲಗಿದ್ದೆ.

ನಿನ್ನ ಹೊಟ್ಟೆಯ ಕತೆ ಓದಿ ಎಷ್ಟು ನಕ್ಕೆನೆಂದರೆ ಹೊಲಿಗೆ ಹಾಕಿದ್ದ ಜಾಗ ಎಳೆಯಿತು. ಸಿಟ್ಟು ಹೋಗಿದೆ ಎಂದು ಹೇಳಲಾರೆ, ಎಲ್ಲಿಟ್ಟೆನೆಂದು ಮರೆತಿದೆ.

ಇನ್ನು ಕನಿಷ್ಠ ಒಂದು ವರ್ಷ ಕಾಯಬೇಕಂತೆ. ಕಿರಣ ಬಿದ್ದ ಚರ್ಮ ಹೇಗೆ ನಿಲ್ಲುತ್ತದೋ ನೋಡಬೇಕಂತೆ. ಅದು ಮೊದಲಿನಂತೆ ಹಿಗ್ಗುವುದಿಲ್ಲ, ಮೈಯ ಬೇರೆಲ್ಲಿಂದಲೋ ಮಾಂಸ ತರಬೇಕು. ಬೇಡವೆಂದರೆ ಬೇಡವೂ ಆಗಬಹುದು. ಆಗ ಎಕ್‌ಮಾನ್ ನನ್ನನ್ನು ಮತ್ತೆ ಕೇಳುತ್ತಾಳೆ. ಆಗ ನೀನು ಏನೂ ಬರೆಯಬೇಡ. ಬೇಕು ಎಂದೂ ಬೇಡ, ಬೇಡ ಎಂದೂ ಬೇಡ. ನಾನು ಕೇಳಿದರೂ ಬರೆಯಬೇಡ. ಇದು ನಿನಗೆ ಎಷ್ಟು ಕಷ್ಟವೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಗುನ್ನೆಲ್


ವಾರ್ಬೆರ್ಗ್, ೩ ಆಗಸ್ಟ್ ೨೦೦೫

ಅಕ್ಕ,

ಎಕ್‌ಮಾನ್ ಕೇಳಿದಳು. ತಿಂಗಳ ಕೊನೆಯೊಳಗೆ ಹೇಳಬೇಕು. ಬೆಳಗ್ಗೆ ಬೇಕೆನ್ನಿಸುತ್ತದೆ, ಮಧ್ಯಾಹ್ನ ಬಸ್ಸು ಓಡಿಸುವಾಗ ಬೇಡವೆನ್ನಿಸುತ್ತದೆ. ಸೀಟ್ ಬೆಲ್ಟು ಚಪ್ಪಟೆ ಕಡೆಗೆ ಜಾರುತ್ತದೆ, ನೂಕಿಕೊಳ್ಳುತ್ತೇನೆ, ಮತ್ತೆ ಜಾರುತ್ತದೆ. ಮತ್ತೆ ಕತ್ತರಿಸಿಕೊಳ್ಳುವುದೇ? ಅತ್ತ ದರಿ, ಇತ್ತ ಪುಲಿ. ಒಂದೇ ಒಂದು ಸಲ, ನೀನೇನಂತೀಯ?

ಗುನ್ನೆಲ್


ಗ್ರೆನೊ, ೮ ಆಗಸ್ಟ್ ೨೦೦೫

ಗುನ್ನೆಲ್ ಪುಟ್ಟಿ,

ಇಲ್ಲಿ ಮಳೆಯಿಲ್ಲ. ಆಲೂಗಡ್ಡೆ ಚಿಕ್ಕದಾಗಿದೆ. ಪ್ರೆಬೆನ್‌ಗೆ ಹೊಸ ಕನ್ನಡಕ ಬಂತು, ನನ್ನನ್ನು ನೋಡಿ, "ಓ, ನೀನಾ!" ಎಂದರು. ಬೋದಿಲ್‌ಗೆ ಒಳಗಿನದನ್ನು ತೆಗೆದಿದ್ದಾರೆ, ಮಗ್ಗುಲಾಗಿ ಮಲಗುತ್ತಿದ್ದಾಳೆ. ಇದು ಸಮಾಚಾರ ಮಾತ್ರ.

ನನಗೆ ಒಂದು ಅಭಿಪ್ರಾಯವಿದೆ. ಅದು ಇಲ್ಲೇ ಗಂಟಲಲ್ಲಿದೆ, ಊಟವೂ ಅದರ ಪಕ್ಕದಲ್ಲೇ ಇಳಿಯಬೇಕಾಗಿದೆ. ಆದರೆ ಬರೆಯಬೇಡ ಎಂದು ನೀನೇ ಅಂದಿದ್ದೆ, ಬರೆಯುವುದಿಲ್ಲ. ನೀನು ಕೇಳಿದರೂ ಇಲ್ಲ. ನಿನ್ನ ಮೇಲೆ ನನಗಿರುವ ಪ್ರೀತಿಯನ್ನು ಇಷ್ಟು ದಿನ ಆಜ್ಞೆಯಾಗಿಯೇ ಕೊಟ್ಟೆ, ನನಗೆ ಬೇರೆ ರೀತಿ ಬರುತ್ತಿರಲಿಲ್ಲ. ಸುಮ್ಮನಿರುವುದನ್ನು ಈಗ ಕಲಿಯುತ್ತಿದ್ದೇನೆ, ಈ ವಯಸ್ಸಿಗೆ ಇದು ಬಹಳ ನೋಯುತ್ತದೆ.

ಲಿಸ್ಬೆತ್


ಆಸ್ಪತ್ರೆ, ೧೪ ಅಕ್ಟೋಬರ್ ೨೦೦೫

ಅಕ್ಕ,

ಅಕ್ಷರ ವಕ್ರವಾಗಿದೆ, ಮಲಗಿಕೊಂಡು ಬರೆಯುತ್ತಿದ್ದೇನೆ. ಸೋಮವಾರ ಕಟ್ಟಿದರು. ನಿನಗೆ ಹೇಳಲಿಲ್ಲ. ಸ್ಟೂರೆಗೂ ಹಿಂದಿನ ದಿನವಷ್ಟೇ ಹೇಳಿದ್ದು.

ನಿನ್ನ ಆಲೂಗಡ್ಡೆಯ ಕಾಗದ ಬಂದಾಗ ಮೊದಲು ರೇಗಿತು. ಕೇಳಿದಾಗ ಹೇಳದ ಅಕ್ಕ ಯಾತಕ್ಕೆ ಎಂದುಕೊಂಡೆ. ಆಮೇಲೆ ಅಡುಗೆಮನೆಯಲ್ಲಿ ಕೂತು, ಕೇಳಲು ಇನ್ನು ಯಾರೂ ಇಲ್ಲವೆಂದು ಗೊತ್ತಾಗಿ, ನನ್ನನ್ನೇ ಕೇಳಿಕೊಂಡೆ. ಉತ್ತರ ಬರಲು ಮೂರು ವಾರ ಬೇಕಾಯಿತು. ನನಗೆ ಅಭ್ಯಾಸವಿಲ್ಲವಲ್ಲ. ಸ್ನಾನಗೃಹಕ್ಕಾಗಿ ಬೇಕಿರಲಿಲ್ಲ. ಅಲ್ಲಿಗೆ ಕಳೆದ ಚಳಿಗಾಲವೇ ಚಪ್ಪಟೆಯಾಗಿ ಹೋಗಿದ್ದೆ. ಅವರು, "ಸರಕೊಳ್ರೇ, ಗುನ್ನೆಲ್ ಬಂದ್ಲು, ಇನ್ನೂ ಸಣ್ಣ ಆಗಿದಾಳೆ," ಎಂದು ಜಾಗ ಬಿಟ್ಟು, ಮುನ್ಸಿಪಾಲಿಟಿಯವರನ್ನು ಬೈಯುವುದು ಮುಂದುವರಿಸಿದರು. ಸ್ಟೂರೆಗಾಗಿಯೂ ಅಲ್ಲ. ಯಾಕೆ ಬೇಕೆಂದು ಎಕ್‌ಮಾನ್ ಕೇಳಿದಳು. "ಗೊತ್ತಿಲ್ಲ, ಬೇಕು," ಅಂದೆ. "ಅಷ್ಟು ಸಾಕು," ಅಂದಳು. ನಿನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದ್ದರೂ ಇರಬಹುದು. ಈಗ ಹೇಳಬಹುದು, ನನಗೆ ಭಯವಿಲ್ಲ.

ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಬೆನ್ನಿನಿಂದ ತೆಗೆದು ಪಕ್ಕೆಯೊಳಗಿಂದ ಮುಂದಕ್ಕೆ ತಂದಿದ್ದಾರೆ. ನಿನ್ನ ಬೆನ್ನಿಗೆ ಬಿದ್ದವಳು ನಾನು, ನನ್ನ ಬೆನ್ನು ಹೀಗೆ ಉಪಯೋಗಕ್ಕೆ ಬಂದೀತೆಂದು ತಿಳಿದಿರಲಿಲ್ಲ. ಅದು ಇನ್ನೂ ಊದಿಕೊಂಡಿದೆ, ಸ್ವಲ್ಪ ಓರೆಯಾಗಿದೆ, ಇನ್ನೊಂದರ ಹಾಗಿಲ್ಲ. ನಾನು ಮೂಗು ಕೆರೆದುಕೊಂಡರೆ ತಾನಿನ್ನೂ ಬೆನ್ನಿನ ಸ್ನಾಯುವೇ ಎಂದು ತಿಳಿದು ಅದೂ ಅಲ್ಲಾಡುತ್ತದೆ. ಅದಕ್ಕೂ ಗೊಂದಲವಾಗಿದೆ ಪಾಪ. ನೋಡಿದರೆ ಅಳು ಬರುತ್ತದೆ, ಇಷ್ಟವೂ ಆಗುತ್ತದೆ. ಸರಿ ಮಾಡಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮಾಡಿದವಳು ಯಾರೆಂದು ಮಾತ್ರ ಗೊತ್ತು.

ತುಂಬಾ ನೋಯುತ್ತಿದೆ, ಅಕ್ಕ. ತಲೆ ಬಾಚಿಕೊಳ್ಳಲು ಕೈ ಏಳುತ್ತಿಲ್ಲ. ಸ್ಟೂರೆ ಬಾಚುತ್ತೇನೆಂದು ಬಂದು ಜಡೆಯನ್ನು ಹಡಗಿನ ಹಗ್ಗದಂತೆ ಗಂಟು ಹಾಕಿಟ್ಟಿದ್ದಾನೆ. ಹೋದ ಸಲ ಬರಬೇಡ ಎನ್ನುತ್ತೇನೆಂದು ನೀನೇ ಬರೆದು ನೀನೇ ಸುಮ್ಮನಾದೆ. ನಾನು ಹಾಗೆ ಹೇಳಿರಲೇ ಇಲ್ಲ. ಈ ಸಲ ಹೇಳುತ್ತಿದ್ದೇನೆ, ಬಾ. ಯಾವಾಗ ಎಂದು ನಿನಗೆ ತಪ್ಪು ತಿಳಿಯಬಾರದೆಂದು ಪದ ಹುಡುಕಿದೆ. 'ನೂ' ಎಂಬುದು ಸಿಕ್ಕಿತು. ನಿಮ್ಮಲ್ಲೂ ನಮ್ಮಲ್ಲೂ ಅದಕ್ಕೆ ಈಗ ಎಂದೇ ಅರ್ಥ, ವಾರ್ಡಿನಲ್ಲಿರುವ ಡೇನಿಷ್ ನರ್ಸಮ್ಮನನ್ನೂ ಕೇಳಿ ಖಚಿತ ಮಾಡಿಕೊಂಡೆ.

ನೂ, ಲಿಸ್ಬೆತ್. ಬಾಚಣಿಗೆ ಇಲ್ಲೇ ಇದೆ.

ಗುನ್ನೆಲ್